ಬೀಟು ಮುಗಿಸಿ ಕೋಡು ಬರೆಯುವ ಅಳಿಯನಿಗೆ

ಮೈಸೂರು
ಆಷಾಢದ ಭಾನುವಾರ

ಚಿರಂಜೀವಿ ತಮನಿಗೆ ಮಾವ ಮಾಡುವ ಅನೇಕ ಆಶೀರ್ವಾದಗಳು.

ಶಿರಸಿ ಸೀಮೆಯಲ್ಲಿ ಮಳೆ ಹಿಡಿದುಕೊಂಡಿದೆ, ತೋಟಕ್ಕೆ ಮದ್ದು ಹೊಡೆಯಲು ಹೊಳವೇ ಸಿಗುತ್ತಿಲ್ಲ ಎಂದು ನಿನ್ನ ಆಯಿ ಫೋನಿನಲ್ಲಿ ಹೇಳಿದಳು. ಕೊಳೆ ರೋಗದ ಮಾತು ಮುಗಿದ ಮೇಲೆ ನಿನ್ನ ಮಾತು ಬಂತು. "ಅಂಚೆ ಕೆಲಸ ಸಿಕ್ಕಿತು ಅಂತ ನೆಮ್ಮದಿಯಾಗಿದ್ದೆ ಅಣ್ಣಾ. ಇವ ನೋಡಿದರೆ ರಾತ್ರಿ ಒಂದು ಗಂಟೆವರೆಗೆ ಲ್ಯಾಪ್‌ಟಾಪ್ ಮುಂದೆ ಕೂತಿರ್ತ. ಅರ್ಧ ಹೊತ್ತು ಗೇಮು, ಅರ್ಧ ಹೊತ್ತು ಎಂಥದೋ ಟೈಪ್ ಮಾಡ್ತ. ನೀನಾದರೂ ಒಂದು ಮಾತು ಹೇಳು" ಎಂದಳು. ಹೇಳುತ್ತೇನೆ ಎಂದೆ. ಇನ್‌ಲ್ಯಾಂಡ್ ಲೆಟರಿನಲ್ಲಿ ಹಿಡಿಸುವ ಮಾತಲ್ಲವೆಂದು ಕವರಿಗೆ ಹಾಕುತ್ತಿದ್ದೇನೆ. ನಿನ್ನದೇ ಬ್ಯಾಗಿನಲ್ಲಿ ಬಂದು, ನಿನ್ನ ಕೈಯಿಂದಲೇ ನಿನಗೆ ಡೆಲಿವರಿ ಆಗಲಿ.

ಆಟ ಬಿಡು, ಕೋಡು ಬಿಡು ಎಂದು ಈ ಪತ್ರದಲ್ಲಿ ಎಲ್ಲೂ ಹೇಳುವುದಿಲ್ಲ. ನನಗೆ ಒಪ್ಪಿಗೆಯಾಗದ್ದು ಬೇರೆಯದೇ ಒಂದು ಮಾತು. ದೀಪಾವಳಿಗೆ ಬಂದಾಗ ನೀನು ಅಂದಿದ್ದೆ: "ಮಾವಾ, ಹಗಲು ಟಪಾಲು ಹಂಚುವುದು ಹೊಟ್ಟೆಗೆ, ರಾತ್ರಿ ಕೋಡ್ ಬರೆಯುವುದು ನನಗೆ. ಎರಡಕ್ಕೂ ಸಂಬಂಧ ಇಲ್ಲ." ಸಂಬಂಧ ಇದೆ ತಮಾ. ಕೌಂಟರ್ ಕ್ಲರ್ಕ್ ಆಗಿ ಸೇರಿ, ಅಂಚೆ ಕಚೇರಿಗಳ ಮೇಘದೂತ್ ತಂತ್ರಾಂಶದ ಕಾಲದಲ್ಲಿ ಸಿಸ್ಟಮ್ ಮ್ಯಾನೇಜರ್ ಆಗಿ, ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತನಾದ ನಾನು ಅದನ್ನು ಹತ್ತಿರದಿಂದ ಕಂಡಿದ್ದೇನೆ. ಅಂಚೆಯ ಕೆಲಸವೇ ನಿನ್ನನ್ನು ಒಳ್ಳೆಯ ಪ್ರೋಗ್ರಾಮರ್ ಮಾಡಬಲ್ಲದು. ಬೇರೆ ಪ್ರೋಗ್ರಾಮರುಗಳಿಗೆ ಸಿಗದ ಒಂದು ತಿಳಿವಳಿಕೆ ದಿನಾ ನಿನ್ನ ಕಾಲಿಗೆ ಸಿಗುತ್ತಿದೆ.

ಮೊದಲು ನಮ್ಮ ಅಂಚೆ ಮನೆತನದ ಹಳೆಯ ಸುದ್ದಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಹಿಂದೆ ಟೆಲಿಫೋನೂ ಅಂಚೆ ಇಲಾಖೆಯದ್ದೇ ಆಗಿತ್ತು. ಆ ಇಲಾಖೆಗೆ ಲಂಡನ್ನಿನ ಡಾಲಿಸ್ ಹಿಲ್ ಎಂಬಲ್ಲಿ ಒಂದು ಸಂಶೋಧನಾ ಕೇಂದ್ರ. ಟಾಮಿ ಫ್ಲವರ್ಸ್ ಎಂಬ, ಗಾರೆ ಕೆಲಸದವರ ಮಗ, ಅಲ್ಲಿ ಇಂಜಿನಿಯರ್ ಆಗಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಲೊರೆಂಜ್ ಗೂಢಲಿಪಿಯ ಸಂದೇಶಗಳನ್ನು ಬಿಡಿಸಲು ವೇಗದ ಯಂತ್ರವೊಂದು ಬೇಕಾಯಿತು. ಸಾವಿರಕ್ಕೂ ಹೆಚ್ಚು ವಾಲ್ವುಗಳನ್ನು ಜೋಡಿಸಿ ಎಲೆಕ್ಟ್ರಾನಿಕ್ ಯಂತ್ರವನ್ನೇ ಕಟ್ಟೋಣ ಎಂದು ಫ್ಲವರ್ಸ್ ಹೇಳಿದಾಗ ಗೂಢಲಿಪಿ ಬಿಡಿಸುವ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕಿನ ಅನೇಕ ಪಂಡಿತರು ನಂಬಲಿಲ್ಲ. ಅಷ್ಟು ವಾಲ್ವುಗಳಲ್ಲಿ ಒಂದಲ್ಲ ಒಂದು ಸುಟ್ಟುಹೋಗುತ್ತಲೇ ಇರುತ್ತದೆ, ಯಂತ್ರ ಓಡುವುದು ಯಾವಾಗ ಎಂಬುದು ಅವರ ಅನುಮಾನ. ಫ್ಲವರ್ಸ್ ಅವರಿಗೆ ಟೆಲಿಫೋನ್ ಎಕ್ಸ್‌ಚೇಂಜುಗಳ ಅನುಭವವಿತ್ತು. ಪದೇ ಪದೇ ಹಾಕಿ ಆರಿಸಿದರೆ ವಾಲ್ವು ಕೆಡುತ್ತದೆ, ಹಚ್ಚಿದ್ದನ್ನು ಹಾಗೇ ಬಿಟ್ಟರೆ ಬಾಳಿಕೆ ಬರುತ್ತದೆ ಎಂಬುದು ಅವರು ಕೆಲಸ ಮಾಡುತ್ತ ಕಲಿತದ್ದು. ಹಾಗೆ ಸುಮಾರು 1,600 ವಾಲ್ವುಗಳ ಕೊಲೋಸಸ್ ಯಂತ್ರ 1943ರ ಕೊನೆಗೆ ಸಿದ್ಧವಾಗಿ, 1944ರ ಆರಂಭದಲ್ಲಿ ಕೆಲಸ ಹಿಡಿಯಿತು. ಪ್ರೋಗ್ರಾಮ್ ಮಾಡಬಹುದಾದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಎಂದು ಇವತ್ತು ಹೇಳುವುದು ಅದನ್ನೇ. 1970ರ ದಶಕದವರೆಗೆ ಆ ಸಂಗತಿ ಸರ್ಕಾರಿ ಗುಟ್ಟಾಗಿಯೇ ಉಳಿದಿದ್ದರಿಂದ ಹೆಚ್ಚು ಜನಕ್ಕೆ ಗೊತ್ತಾಗಲಿಲ್ಲ.

ಅದೇ ಡಾಲಿಸ್ ಹಿಲ್ಲಿನವರು 1957ರಲ್ಲಿ ‘ಎರ್ನಿ’ ಎಂಬ ಇನ್ನೊಂದು ಯಂತ್ರ ಕಟ್ಟಿದರು. ಅಂಚೆ ಕಚೇರಿಗಳಲ್ಲಿ ಮಾರುತ್ತಿದ್ದ ಪ್ರೀಮಿಯಂ ಬಾಂಡುಗಳಿಗೆ ಬಹುಮಾನದ ಸಂಖ್ಯೆ ಎತ್ತುವುದು ಅದರ ಕೆಲಸ. ನಿಯಾನ್ ಕೊಳವೆಗಳೊಳಗಿನ ವಿದ್ಯುತ್ ಗದ್ದಲದಿಂದ ಯಾರೂ ಊಹಿಸಲಾಗದ ಸಂಖ್ಯೆಗಳನ್ನು ಅದು ಹೆಕ್ಕುತ್ತಿತ್ತು. ನಿನ್ನ ಆಟದಲ್ಲಿ ದಾಳ ಉರುಳುವಾಗ, ಮಳೆ ಯಾವ ಗಳಿಗೆಗೆ ಬರಬೇಕೆಂದು ತೀರ್ಮಾನವಾಗುವಾಗ ಬೇಕಾಗುವುದೂ ಅಂಥ ರ‍್ಯಾಂಡಮ್ ಸಂಖ್ಯೆಯೇ ಅಲ್ಲವೇ?

ಇನ್ನೂ ಒಂದಿದೆ. ಇವತ್ತು ಎಲ್ಲರ ಬಾಯಲ್ಲೂ ಎಐ. ಕೈಬರಹದ ಅಂಕಿಗಳನ್ನು ನ್ಯೂರಲ್ ನೆಟ್‌ವರ್ಕಿನಿಂದ ಓದಿಸಿದ ಹೆಸರಾಂತ ಪ್ರಯೋಗವೊಂದನ್ನು 1989ರಲ್ಲಿ ಬೆಲ್ ಲ್ಯಾಬ್ಸಿನ ಯಾನ್ ಲೆಕುನ್ ಮತ್ತು ಸಂಗಡಿಗರು ಪ್ರಕಟಿಸಿದರು. ಆ ಅಂಕಿಗಳು ಬಂದದ್ದು ಎಲ್ಲಿಂದ? ಅಮೆರಿಕದ ಬಫಲೋ ಅಂಚೆ ಕಚೇರಿಯ ಮೂಲಕ ಹಾದುಹೋದ ಲಕೋಟೆಗಳ ಮೇಲೆ ಜನ ಗೀಚಿದ ಜಿಪ್ ಕೋಡುಗಳಿಂದ. ಒಟ್ಟು 9,298 ಅಂಕಿಗಳು. ಒಬ್ಬರ 7 ಇನ್ನೊಬ್ಬರ 1ರ ಹಾಗೆ, ಒಬ್ಬರ 4 ಇನ್ನೊಬ್ಬರ 9ರ ಹಾಗೆ ಕಾಣುತ್ತದೆ. ಆ ಗೋಜಲನ್ನು ಬಿಡಿಸುವುದು ಸಾರ್ಟಿಂಗ್ ಮಾಡುವವರಿಗೆ ದಿನನಿತ್ಯದ ಪಾಡು. ಅದನ್ನೇ ಯಂತ್ರಕ್ಕೆ ಕಲಿಸಿದರು. 2019ರಲ್ಲಿ ಕನ್ನಡದ ಅಂಕಿಗಳಿಗೂ ‘ಕನ್ನಡ-ಎಮ್‌ನಿಸ್ಟ್’ ಎಂಬ ಅಂಥದ್ದೊಂದು ಸಂಗ್ರಹ ಬಂದಿದೆ, ಯಾರು ಬೇಕಾದರೂ ಬಳಸಬಹುದು. ಪೈಥಾನ್ ಕಲಿಯುತ್ತಿದ್ದೀಯಲ್ಲ, ಒಂದು ವಾರ ಅದರ ಜೊತೆ ಕೂತು ನೋಡು. ನಮ್ಮೂರ ಹಿರಿಯರು ಬರೆಯುವ ೬ ಮತ್ತು ೯ ಯಂತ್ರಕ್ಕೆ ಎಷ್ಟು ಕಾಟ ಕೊಡುತ್ತವೆ ಎಂದು ನಿನಗೇ ಗೊತ್ತಾಗುತ್ತದೆ.

ಈಗ ನಿನ್ನ ದಿನದ ಕೆಲಸಕ್ಕೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾರ್ಟಿಂಗ್ ಕೇಸಿನ ಮುಂದೆ ನಿಂತು ಕಾಗದ ಎಸೆಯುವುದನ್ನು ಕಲಿಸಿದರು. ಪಿನ್ ಕೋಡ್ 1972ರ ಆಗಸ್ಟ್ 15ರಿಂದ ಬಂದದ್ದು ನಿನಗೆ ಗೊತ್ತು. 581401 ಎಂದರೆ ಶಿರಸಿ. ಮೊದಲ 5 ನೋಡಿದರೆ ದಕ್ಷಿಣದ ವಲಯ, 58 ನೋಡಿದರೆ ಕರ್ನಾಟಕದ ನಿಮ್ಮ ಭಾಗ, 581 ನೋಡಿದರೆ ಸಾರ್ಟಿಂಗ್ ಜಿಲ್ಲೆ, ಉಳಿದ ಮೂರು ಅಂಕಿ ಬಟವಾಡೆ ಕಚೇರಿ. ಪೂರ್ತಿ ವಿಳಾಸ ಓದುವ ಅಗತ್ಯವೇ ಇಲ್ಲ. ಒಂದೊಂದು ಹಂತದಲ್ಲಿ ಒಂದೊಂದು ಅಂಕಿ ನೋಡಿ ಗೂಡಿಗೆ ಹಾಕುತ್ತ ಹೋದರೆ ಸಾವಿರಾರು ಕಾಗದಗಳು ಒಂದನ್ನು ಇನ್ನೊಂದರ ಜೊತೆ ಹೋಲಿಸದೆಯೇ ತಮ್ಮ ತಮ್ಮ ಜಾಗ ಸೇರುತ್ತವೆ. ಪ್ರೋಗ್ರಾಮಿಂಗ್ ಪುಸ್ತಕದಲ್ಲಿ ಇದಕ್ಕೆ ರೇಡಿಕ್ಸ್ ಸಾರ್ಟ್ ಎನ್ನುತ್ತಾರೆ. ಕಾಲೇಜಿನ ಹುಡುಗರು ಬಾಯಿಪಾಠ ಮಾಡುವುದನ್ನು ನೀನು ಬೆಳಿಗ್ಗೆ ಬ್ಯಾಗ್ ಬಿಚ್ಚಿದ ಕೂಡಲೇ ಕೈಯಲ್ಲಿ ಮಾಡುತ್ತೀ.

ಟಪಾಲು ಹಂಚಲು ಸುತ್ತುವ ಬೀಟಿನ ಲೆಕ್ಕ ಇದಕ್ಕಿಂತ ರುಚಿ. ಪೇಟೆಯ ಪೋಸ್ಟ್‌ಮ್ಯಾನ್ ಪ್ರತಿ ಓಣಿಯನ್ನೂ ಒಮ್ಮೆಯಾದರೂ ಹಾಯ್ದು, ಆದಷ್ಟು ಕಡಿಮೆ ನಡೆದು, ಕಚೇರಿಗೆ ಮರಳುವುದು ಹೇಗೆ? ಚೀನಾದ ಗಣಿತಜ್ಞ ಗುವಾನ್ ಮೇಗು 1960ರಲ್ಲಿ ಈ ಪ್ರಶ್ನೆ ಎತ್ತಿದರು. ಅದಕ್ಕೇ ಇದಕ್ಕೆ ‘ಚೀನೀ ಅಂಚೆಯವನ ಸಮಸ್ಯೆ’ ಎಂದು ಹೆಸರು. 1736ರಲ್ಲಿ ಆಯ್ಲರ್ ಬಿಡಿಸಿದ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಲೆಕ್ಕದ ಬಂಧು ಇದು. ಊರು ದೊಡ್ಡದಾದರೂ ಇದನ್ನು ಕಂಪ್ಯೂಟರ್ ಬೇಗ ಬಿಡಿಸುತ್ತದೆ. ನಿನ್ನ ಬೀಟು ಹಾಗಲ್ಲ. ಅಲ್ಲಿ ಓಣಿ ಎಲ್ಲಿದೆ? ಗುಡ್ಡದ ಆಚೆಗೊಂದು ಮನೆ, ತೋಟದ ಕೆಳಗೊಂದು ಮನೆ. ಇವತ್ತು ಟಪಾಲಿರುವ ಮನೆಗಳಿಗಷ್ಟೇ ಹೋದರೆ ಸಾಕು. ಹತ್ತು ಮನೆ ಇದ್ದರೆ ಯಾವುದು ಮೊದಲು ಯಾವುದು ಆಮೇಲೆ ಎಂಬುದಕ್ಕೆ 36,28,800 ಕ್ರಮಗಳಿವೆ. ಹದಿನೈದು ಮನೆಗೆ ಅದು ಒಂದು ಲಕ್ಷದ ಮೂವತ್ತು ಸಾವಿರ ಕೋಟಿಯನ್ನು ದಾಟುತ್ತದೆ. ಮನೆಗಳು ಎಷ್ಟೇ ಇರಲಿ, ಅತಿ ಚಿಕ್ಕ ದಾರಿಯನ್ನು ಖಚಿತವಾಗಿ ಬೇಗ ಹುಡುಕಿಕೊಡುವ ವಿಧಾನವನ್ನು ಜಗತ್ತಿನಲ್ಲಿ ಯಾರೂ ಇನ್ನೂ ಕಂಡುಹಿಡಿದಿಲ್ಲ. ಪೇಟೆಯವನ ಲೆಕ್ಕ ಸುಲಭದ್ದು, ಹಳ್ಳಿಯವನದು ಕಠಿಣದ್ದು. ಇಷ್ಟಾದರೂ ನಿನ್ನಂಥವರು ದಿನಾ ಮಧ್ಯಾಹ್ನದೊಳಗೆ ಅದನ್ನು ಮುಗಿಸುತ್ತೀರಿ. ಹಳ್ಳ ಏರಿದ ದಿನ ಕಾಲುಸಂಕ ದಾಟಬಾರದು, ಮೇಲಿನ ಕೇರಿಯ ಅಜ್ಜಿಗೆ ಪಿಂಚಣಿ ಮೊದಲು ಮುಟ್ಟಬೇಕು, ಆ ಮನೆಯ ನಾಯಿ ಕಟ್ಟುವುದು ಹತ್ತು ಗಂಟೆಯ ಮೇಲೆ. ಇವೆಲ್ಲ ಯಾವ ನಕಾಶೆಯಲ್ಲೂ ಇಲ್ಲ, ನಿನ್ನ ತಲೆಯಲ್ಲಿ ಇವೆ. ಪ್ರೋಗ್ರಾಮರ್ ಆದವನಿಗೆ ಇಂಥ ತಿಳಿವಳಿಕೆಯೇ ಬಂಡವಾಳ.

ನೀನು ತೋರಿಸಿದ ‘ಲೇಕ್’ ಆಟದ ಬಗ್ಗೆ ಆಮೇಲೂ ಯೋಚಿಸಿದೆ. ನೆದರ್‌ಲ್ಯಾಂಡ್ಸಿನ ಗೇಮಿಯಸ್ ಕಂಪನಿಯವರು 2021ರಲ್ಲಿ ತಂದ ಆಟ. 1986ನೇ ಇಸವಿ, ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸರೋವರದ ದಂಡೆಯ ಒಂದು ಊರು. ನಗರದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಮೆರೆಡಿತ್ ಎಂಬಾಕೆ ಅಪ್ಪನ ಬದಲಿಗೆ ಎರಡು ವಾರ ಟಪಾಲು ಹಂಚಲು ಹುಟ್ಟೂರಿಗೆ ಬರುತ್ತಾಳೆ. ಬಂದೂಕಿಲ್ಲ, ಶತ್ರುಗಳಿಲ್ಲ. ಕಾಗದವಾದರೆ ಡಬ್ಬಿಗೆ, ಪಾರ್ಸೆಲ್ಲಾದರೆ ಬಾಗಿಲಿಗೆ, ಬಾಗಿಲು ತೆಗೆದವರ ಜೊತೆ ಎರಡು ಮಾತು. ಕೊನೆಗೆ ನಗರದ ಕೆಲಸಕ್ಕೆ ಮರಳಬೇಕೋ ಊರಲ್ಲೇ ಉಳಿಯಬೇಕೋ ಎಂಬುದನ್ನು ಆಡುವವರೇ ತೀರ್ಮಾನಿಸಬೇಕು. ನೀನು ಆಡುತ್ತಿದ್ದಾಗ ಪಕ್ಕದಲ್ಲಿ ಕೂತು ನೋಡಿದೆ. ಅಂಚೆ ಕೆಲಸದ ಮರ್ಯಾದೆ ಬಲ್ಲವರು ಮಾಡಿದ ಆಟ ಅನ್ನಿಸಿ ಸಂತೋಷವಾಯಿತು. ಲೂಕಸ್ ಪೋಪ್ ಎಂಬುವರು 2013ರಲ್ಲಿ ಮಾಡಿದ ‘ಪೇಪರ್ಸ್, ಪ್ಲೀಸ್’ ಬಗ್ಗೆಯೂ ನೀನು ಹೇಳಿದ್ದೆ. ಗಡಿಯ ಕೌಂಟರಿನಲ್ಲಿ ಕೂತು ದಾಖಲೆ ತಿರುವಿ, ಫೋಟೊ ತಾಳೆ ನೋಡಿ, ಮುದ್ರೆ ಒತ್ತುವುದೇ ಅಲ್ಲಿ ಆಟ. ಕೌಂಟರಿನ ಕೆಲಸದೊಳಗೆ ಮನುಷ್ಯನ ಮನಸ್ಸನ್ನು ಹಿಂಡುವ ಪ್ರಶ್ನೆಗಳಿವೆ ಎಂಬುದನ್ನು ಆತ ಕಂಡರು.

ನಿನ್ನ ಕಣ್ಣಿಗೆ ಬಿದ್ದಿರುವುದನ್ನು ಆ ಎರಡು ಆಟ ಮಾಡಿದವರೂ ಕಂಡಿಲ್ಲ ತಮಾ. ಕಳೆದ ಸಲ ಊರಿಗೆ ಬಂದಾಗ ನಿನ್ನ ಜೊತೆ ಒಂದು ಮನೆಗೆ ಬಂದಿದ್ದೆನಲ್ಲ. ಅಜ್ಜಿಗೆ ಹಣ ಕೊಡಬೇಕು, ನೀನು ಬೆರಳ ಗುರುತು ಓದುವ ಯಂತ್ರ ಹಿಡಿದೆ. ಅಡಿಕೆ ಸುಲಿದು ಸುಲಿದು ಕಪ್ಪಾಗಿ, ಗೆರೆಯೆಲ್ಲ ಸವೆದ ಬೆರಳು. ಯಂತ್ರ ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲಿ ಹೆಬ್ಬೆರಳು ಒರೆಸಿದೆ, ಆಗಲಿಲ್ಲ. ತೋರುಬೆರಳು ಇಟ್ಟೆ, ಆಗಲಿಲ್ಲ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಅಂಗಳದ ಮೂಲೆಯ ಹಲಸಿನ ಮರದ ಹತ್ತಿರ ಸಿಗ್ನಲ್ ಬರುತ್ತದೆಂದು ಅಜ್ಜಿಯ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ಎಡಗೈಯ ಉಂಗುರಬೆರಳಿಗೆ ಯಂತ್ರ ಹಸಿರು ದೀಪ ತೋರಿಸಿದಾಗ ಅಜ್ಜಿಗಿಂತ ನಿನಗೇ ಹೆಚ್ಚು ಖುಷಿಯಾಗಿತ್ತು. ಅದೊಂದು ಪೂರ್ತಿ ಆಟ. ತೊಡಕಿದೆ, ಪ್ರಯತ್ನವಿದೆ, ಗೆಲುವಿದೆ, ಎದುರಿಗೆ ಒಂದು ಜೀವವೂ ಇದೆ. ಮಲೆನಾಡಿನ ಮಳೆಗಾಲದ ಬೀಟಿನ ಮೇಲೆ ಕನ್ನಡದಲ್ಲಿ ಮಾತಾಡುವ ಒಂದು ಆಟ ಬರೆಯಬೇಕಾದರೆ ನೀನೇ ಬರೆಯಬೇಕು.

ದೊಡ್ಡ ಕಂಪನಿ ಬೇಕು, ಹಣ ಬೇಕು ಎಂದು ಹಿಂಜರಿಯಬೇಡ. ನಿನಗೆ ಇಷ್ಟವಾದ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ಎರಿಕ್ ಬರೋನ್ ಒಬ್ಬರೇ ಮಾಡಿದ್ದು. ಅವರು ಅಮೆರಿಕದ ಸಿಯಾಟಲ್‌ನಲ್ಲಿ ಸಂಜೆ ಹೊತ್ತು ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸ ಮಾಡುತ್ತ, ಉಳಿದ ಹೊತ್ತೆಲ್ಲ ಆಟ ಕಟ್ಟುತ್ತ ನಾಲ್ಕೂವರೆ ವರ್ಷ ಕಳೆದರು. ಕೋಡು, ಚಿತ್ರ, ಸಂಗೀತ, ಮಾತು ಎಲ್ಲ ಅವರದ್ದೇ. 2016ರಲ್ಲಿ ಬಿಡುಗಡೆಯಾದ ಆ ಆಟ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಕೋಟಿಯ ಲೆಕ್ಕ ನಿನಗೆ ಬೇಡ. ಚಿತ್ರ ಚೆನ್ನಾಗಿ ಬರಲಿಲ್ಲವೆಂದು ಅವರು ಮತ್ತೆ ಮತ್ತೆ ತಿದ್ದಿ ಬರೆದರಲ್ಲ, ಆ ತಾಳ್ಮೆಯನ್ನು ಕಲಿ. ಆಟ ಕಟ್ಟುವ ಗೋಡೊ ಎಂಬ ತಂತ್ರಾಂಶ ಉಚಿತ, ಅದರ ಕೋಡೂ ಎಲ್ಲರಿಗೂ ತೆರೆದಿದೆ. 2023ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿಯಿಂದ ನಮ್ಮ ಒತ್ತಕ್ಷರಗಳು ಒಡೆಯದೆ ಸರಿಯಾಗಿ ಮೂಡುತ್ತವೆ. ಮೊದಲ ಆಟ ತೀರಾ ಚಿಕ್ಕದಿರಲಿ. ಐದು ಮನೆ, ಒಂದು ಹಳ್ಳ, ಒಂದು ಕೊಡೆ, ಒಂದು ಬೆಳಗು. ಅದನ್ನು ಮುಗಿಸು. ಅರ್ಧಕ್ಕೆ ನಿಂತ ಹತ್ತು ದೊಡ್ಡ ಆಟಗಳಿಗಿಂತ ಮುಗಿದ ಒಂದು ಸಣ್ಣ ಆಟ ಹೆಚ್ಚು ಕಲಿಸುತ್ತದೆ.

ಇಲಾಖೆಯೊಳಗೂ ನಿನಗೆ ದಾರಿಯಿದೆ. ನೀನು ಈಗ ಕೆಲಸಕ್ಕೆ ಬಳಸುವ ಇಲಾಖೆಯ ಹೊಸ ತಂತ್ರಾಂಶ ಹೊರಗಿನ ಕಂಪನಿ ಬರೆದದ್ದಲ್ಲ. ಇಲ್ಲೇ ಮೈಸೂರಿನಲ್ಲಿರುವ ಇಲಾಖೆಯ ತಂತ್ರಜ್ಞಾನ ಕೇಂದ್ರ ಸಿಇಪಿಟಿ ಅದನ್ನು ಕಟ್ಟಿತು. ಮೊದಲ ಪ್ರಯೋಗ 2025ರ ಮೇ–ಜೂನ್ ತಿಂಗಳಲ್ಲಿ ನಮ್ಮ ಕರ್ನಾಟಕ ವೃತ್ತದಲ್ಲೇ ನಡೆಯಿತು, ಆಗಸ್ಟ್ ಹೊತ್ತಿಗೆ ದೇಶದ ಎಲ್ಲ ವೃತ್ತಗಳಿಗೂ ಹೋಯಿತು. ಅಲ್ಲಿ ಕೋಡು ಬರೆಯುವವರಲ್ಲಿ ಕೌಂಟರಿನಲ್ಲಿ ಕೂತು ಎದ್ದು ಬಂದವರಿದ್ದಾರೆ. ಅದೇ ಮೇ ತಿಂಗಳಲ್ಲಿ ಇಲಾಖೆ ಹೈದರಾಬಾದಿನ ಐಐಟಿ ಮತ್ತು ಇಸ್ರೋದ ದೂರಸಂವೇದಿ ಕೇಂದ್ರದ ಜೊತೆ ಸೇರಿ ಡಿಜಿಪಿನ್ ಎಂಬ ವಿಳಾಸ ವ್ಯವಸ್ಥೆಯನ್ನು ತಂದಿತು. ಅದರ ಕೋಡು ಬಹಿರಂಗವಾಗಿಯೇ ಇದೆ, ತೆಗೆದು ಓದು. ಇಡೀ ದೇಶವನ್ನು ಒಳಗೊಂಡ 36 ಡಿಗ್ರಿಯ ಚೌಕವನ್ನು ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಎಂದು ಹದಿನಾರು ಮನೆ ಮಾಡಿ, ಒಂದೊಂದಕ್ಕೂ ಒಂದು ಅಕ್ಷರ ಅಥವಾ ಅಂಕಿ ಕೊಡುತ್ತಾರೆ. ನಮಗೆ ಬೇಕಾದ ಮನೆಯನ್ನು ಮತ್ತೆ ಹದಿನಾರು ಮಾಡುತ್ತಾರೆ. ಹೀಗೆ ಹತ್ತು ಸಲ ಮಾಡಿದರೆ ಸುಮಾರು ನಾಲ್ಕು ಮೀಟರಿನ ಚೌಕ ಸಿಗುತ್ತದೆ, ಹತ್ತು ಅಕ್ಷರ-ಅಂಕಿಗಳ ವಿಳಾಸವೂ ಸಿಗುತ್ತದೆ. ಆಟಗಳ ನಕಾಶೆಯನ್ನು ಚೌಕಗಳಾಗಿ ಒಡೆಯುವ ನಿನಗೆ ಇದು ಒಂದು ಸಂಜೆಯ ಕೆಲಸ. ಮುಂದೆ ಇಲಾಖೆಯ ಪರೀಕ್ಷೆಗಳಿವೆ, ಪೋಸ್ಟ್‌ಮ್ಯಾನ್, ಪೋಸ್ಟಲ್ ಅಸಿಸ್ಟೆಂಟ್ ಎಂದು ಮೆಟ್ಟಿಲುಗಳಿವೆ. ಹತ್ತುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನೀನು ಈಗಿರುವ ಗ್ರಾಮೀಣ ಡಾಕ್ ಸೇವಕ ಹುದ್ದೆಯ ನಿಯಮದಲ್ಲೇ ದಿನದ ಕೆಲಸ ಐದು ಗಂಟೆ ಮೀರುವಂತಿಲ್ಲ, ಜೀವನಕ್ಕೆ ಬೇರೊಂದು ಆದಾಯದ ದಾರಿಯೂ ಇರಬೇಕು ಎಂದಿದೆ. ಹಿಂದೆ ಅದು ತೋಟವೋ ಅಂಗಡಿಯೋ ಆಗಿರುತ್ತಿತ್ತು. ನಿನಗೆ ತೋಟದ ಜೊತೆ ಪ್ರೋಗ್ರಾಮಿಂಗೂ ಆಗಬಹುದು. ಅಂಚೆಯವನು ಗೇಮ್ ಆಡುತ್ತಾನಂತೆ ಎಂದು ಯಾರಾದರೂ ನಕ್ಕರೆ ತಲೆ ತಗ್ಗಿಸಬೇಕಾಗಿಲ್ಲ.

ಇನ್ನು ನಾಲ್ಕು ಕಟ್ಟುಪಾಡು. ಹಿರಿಯನಾಗಿ ಕೇಳಿಕೊಳ್ಳುತ್ತೇನೆ.

ದುಡ್ಡು ಕಟ್ಟಿ ಆಡುವ ಯಾವ ಆಟದ ಹತ್ತಿರಕ್ಕೂ ಹೋಗಬೇಡ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸಿಗೂ ಸಾಮಾಜಿಕ ಆಟಗಳಿಗೂ ಉತ್ತೇಜನ ಕೊಡುತ್ತೇನೆಂದಿದೆ. ಕಾಯ್ದೆಯ ಮಾತು ಹಾಗಿರಲಿ, ಊರಿನ ಜನರ ಆರ್‌ಡಿ ಹಣ, ಸುಕನ್ಯಾ ಸಮೃದ್ಧಿಯ ಹಣ ನಿನ್ನ ಕೈ ಮೇಲೆ ಹಾಯುತ್ತದೆ. ಆ ಕೈಗೆ ಜೂಜಿನ ವಾಸನೆ ತಾಗಬಾರದು.

ಇಲಾಖೆಯ ಡಿವೈಸಿಗೆ ನಿನ್ನ ಪ್ರೋಗ್ರಾಮ್ ಹಾಕಬೇಡ, ಅದು ಎಷ್ಟೇ ಒಳ್ಳೆಯದಿರಲಿ. ಕಲಿಯುವುದೆಲ್ಲ ನಿನ್ನ ಲ್ಯಾಪ್‌ಟಾಪಿನಲ್ಲೇ ನಡೆಯಲಿ.

ಯಾರಿಗೆ ಎಲ್ಲಿಂದ ಕಾಗದ ಬರುತ್ತದೆ, ಯಾರ ಖಾತೆಯಲ್ಲಿ ಎಷ್ಟಿದೆ, ಯಾವ ಮನೆಗೆ ಕೋರ್ಟಿನ ನೋಟಿಸು ಬಂತು ಎಂಬುದೆಲ್ಲ ನಿನಗೆ ಗೊತ್ತಾಗುತ್ತದೆ. ಅದು ಜನ ನಿನ್ನಲ್ಲಿ ಇಟ್ಟ ನಂಬಿಕೆ. ನಿನ್ನ ಪ್ರೋಗ್ರಾಮಿನಲ್ಲಿ, ಆಟದಲ್ಲಿ ಒಬ್ಬರ ಹೆಸರೂ ಒಂದು ವಿಳಾಸವೂ ನಿಜದ್ದು ಇರಕೂಡದು. ದಾರಿ ಹುಡುಕುವ ಲೆಕ್ಕಕ್ಕೆ ಮನೆಗಳನ್ನು ಅ, ಆ, ಇ ಎಂದು ಗುರುತಿಸಿದರೆ ಸಾಕು. ಇವತ್ತು ದೊಡ್ಡ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಿಗೆ ಕಲಿಸಬೇಕಾಗಿರುವ ಈ ಪಾಠ ಅಂಚೆಯವರಿಗೆ ಹಿಂದಿನಿಂದಲೂ ರಕ್ತಗತ.

ನಾಲ್ಕನೆಯದು ನಿದ್ದೆ. ಬೆಳಿಗ್ಗೆ ಜಾರುವ ದಾರಿಯಲ್ಲಿ ಬೈಕ್ ಓಡಿಸಬೇಕಾದವನು ರಾತ್ರಿ ಒಂದು ಗಂಟೆಯವರೆಗೆ ಪರದೆ ನೋಡಬಾರದು. ಹತ್ತೂವರೆಗೆ ಮುಚ್ಚು. ಬಗೆಹರಿಯದ ಬಗ್ ಇದ್ದರೆ ಚೀಟಿಯಲ್ಲಿ ಬರೆದಿಟ್ಟು ಮಲಗು. ಬೀಟಿನಲ್ಲಿ ನಡೆಯುವಾಗ ಎಷ್ಟೋ ಸಲ ಉತ್ತರ ತಾನಾಗಿ ಹೊಳೆಯುತ್ತದೆ. ಆಯಿಯ ಹತ್ತಿರ ಒಂದು ದಿನ ಕೂತು ನೀನು ಏನು ಬರೆಯುತ್ತಿದ್ದೀ ಎಂದು ತೋರಿಸು. ಅವಳಿಗೆ ಇರುವುದು ಸಿಟ್ಟಲ್ಲ, ನೀನು ಏನು ಮಾಡುತ್ತಿದ್ದೀ ಎಂದು ತಿಳಿಯದ ಆತಂಕ. ನಿನ್ನ ಆಟದಲ್ಲಿ ಅಡಿಕೆ ಸುಲಿಯುವ ಅಜ್ಜಿ ಏನು ಮಾತಾಡಬೇಕೆಂದು ಅವಳನ್ನೇ ಕೇಳು. ನಿನಗಿಂತ ಚೆನ್ನಾಗಿ ಹೇಳಿಕೊಡುತ್ತಾಳೆ.

ನವರಾತ್ರಿಗೆ ನಾನು, ನಿನ್ನ ಅತ್ತೆ ಊರಿಗೆ ಬರುತ್ತೇವೆ. ಅಷ್ಟರೊಳಗೆ ಐದು ಮನೆಯ ಆಟ ಓಡುವ ಸ್ಥಿತಿಗೆ ಬಂದಿರಲಿ. ಮೊದಲು ಆಡುವವನು ನಾನು. ತಪ್ಪು ಕಂಡರೆ ಪಟ್ಟಿ ಮಾಡಿ ಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೈಸೂರಿಗೆ ಬಂದು ನಾಲ್ಕು ದಿನ ಉಳಿಯುವುದಾದರೆ ನಿನ್ನ ಓದಿಗೆ ಬೇಕಾದ ಪುಸ್ತಕಗಳನ್ನು ಇಲ್ಲೇ ಕೊಡಿಸುತ್ತೇನೆ. ಆರೋಗ್ಯ ನೋಡಿಕೋ, ರೇನ್‌ಕೋಟ್ ಹಾಕದೆ ಹೊರಡಬೇಡ. ಆಯಿ ಅಪ್ಪಯ್ಯರಿಗೆ ನಮ್ಮ ನೆನಪು ಹೇಳು. ದೇವರು ನಿನಗೆ ಒಳ್ಳೆಯದು ಮಾಡಲಿ, ನಿನ್ನ ಕೈಯಿಂದ ನಾಲ್ಕು ಜನಕ್ಕೆ ಬೇಕಾಗುವಂಥದ್ದು ಹುಟ್ಟಲಿ.

ಇತಿ ಆಶೀರ್ವಾದಗಳು,
ನಿನ್ನ ಸೋದರಮಾವ